ಬೀಗಕ್ಕೆ ಹಾಕುವ ಪುಡಿ

ಒಂದು ನೆಟ್‌ವರ್ಕ್ ಕಾರ್ಡಿಗೆ ಹದಿನಾಲ್ಕು ಕೀ. ಅದಕ್ಕೆ ಚುಚ್ಚುವ ಕೇಬಲ್ಲಿಗೆ ಮೂರು. ಕಂಪ್ಯೂಟರ್ ಅಂಗಡಿಯವನು ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಗಲ್ಲ ಕೆರೆದುಕೊಂಡು, 'ಇದು ಕಷ್ಟ ಇದೆ' ಎಂದು ಹೇಳಿ ಹೋಗುವುದಕ್ಕೆ ಇಪ್ಪತ್ತು. ನಾನು ಲೆಕ್ಕ ಹಾಕುವುದು ಹೀಗೆಯೇ. ಮೂವತ್ತು ವರ್ಷ ಬೀಗ ರಿಪೇರಿ ಮಾಡಿ, ಡೂಪ್ಲಿಕೇಟ್ ಕೀ ಮಾಡಿಕೊಟ್ಟು ಬದುಕಿದವನಿಗೆ ಯಾವ ಸಾಮಾನು ನೋಡಿದರೂ ಅದರ ಹಿಂದೆ ಎಷ್ಟು ಕೀ ಉಜ್ಜಬೇಕು ಎಂಬುದೇ ಮೊದಲು ಕಾಣುತ್ತದೆ. ಆ ಎರಡು ವಾರದಲ್ಲಿ ನನಗೆ ಬಿದ್ದ ಖರ್ಚು ಒಟ್ಟು ಮೂವತ್ತೇಳು ಕೀ. ಅದು ದೊಡ್ಡದಲ್ಲ. ದೊಡ್ಡದು ಯಾವುದೆಂದು ಮುಂದೆ ಹೇಳುತ್ತೇನೆ.

ನನಗೆ ಮದುವೆಯಾದದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಮನೆಬಾಗಿಲಲ್ಲಿ ಕೀ ಮುರಿದು ಒಳಗೇ ಉಳಿದುಬಿಟ್ಟಿತ್ತು. ತೆಗೆದುಕೊಟ್ಟೆ. ಮುಂದಿನ ತಿಂಗಳು ಅದೇ ಬಾಗಿಲಲ್ಲಿ ಇನ್ನೊಂದು ಮುರಿಯಿತು. ಮೂರನೆಯದೂ ಮುರಿದಾಗ ಬೀಗದ್ದೇ ತಪ್ಪು ಎಂದು ಹೊಸದನ್ನು ಕೂರಿಸಿದೆ. 'ಅಯ್ಯೋ, ಇನ್ನು ನಿಮ್ಮನ್ನ ಕರೆಯೋಕೆ ನೆಪಾನೇ ಇಲ್ವಲ್ರೀ' ಎಂದಳು. ಒಂದು ವರ್ಷದ ಮೇಲೆ ನಾನು ಆ ಮನೆಗೇ ಬಂದು ಸೇರಿಕೊಂಡೆ.

ಅವಳಿಗೆ ಮೊದಲ ಮದುವೆಯ ಮಗಳೊಬ್ಬಳಿದ್ದಳು, ಹದಿನಾರು ವರ್ಷ. ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದರು. ಬೀದಿಯ ಮಕ್ಕಳೆಲ್ಲ ನನ್ನನ್ನು ಕರೆಯುವಂತೆ ಅವಳೂ ಅಂಕಲ್ ಎನ್ನುತ್ತಿದ್ದಳು. ಎದುರು ಮಾತಿಲ್ಲ, ಒರಟುತನವಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆ ಇರುವಂತೆ ನನ್ನ ಜೊತೆ ಇದ್ದಳು. ನಾನು ಬಂದ ವಾರವೇ, 'ನನ್ನ ರೂಮಿಗೆ ಒಂದು ಬೀಗ ಹಾಕಿಕೊಡ್ತೀರಾ?' ಎಂದು ಕೇಳಿದಳು. ಹಾಕಿಕೊಟ್ಟೆ. ಅದರ ಮೂರೂ ಕೀಗಳನ್ನು ಅವಳ ಅಂಗೈಯಲ್ಲೇ ಇಟ್ಟೆ. ಅವಳು ಎಣಿಸಿಕೊಂಡು ಒಳಗೆ ಹೋದಳು.

ಅವಳ ತಂದೆ ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಗಂಡ ಹೆಂಡತಿ ಬೇರೆಯಾಗಿ ಏಳು ವರ್ಷವಾಗಿತ್ತು. ಜಗಳವಾಡಿಯಲ್ಲ; ಹಡಗು ದಡ ಮುಟ್ಟುವುದಕ್ಕೂ ಮನೆಯಲ್ಲಿ ಗಂಡಸು ಬೇಕಾಗುವುದಕ್ಕೂ ಒಂದು ದಿನವೂ ತಾಳೆಯಾಗಲಿಲ್ಲವಂತೆ. ಆದರೆ ಅಪ್ಪ ಮಗಳು ಬೇರೆಯಾಗಿರಲಿಲ್ಲ. ಹಡಗಿನವರು ಪ್ರತಿಯೊಬ್ಬ ಕೆಲಸಗಾರನಿಗೆ ವಾರಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಬಿಟ್ಟುಕೊಡುತ್ತಿದ್ದರು. ಅವನ ಪಾಲಿಗೆ ಬಂದದ್ದು ನಮ್ಮ ಶುಕ್ರವಾರ ಸಂಜೆ ಐದರಿಂದ ಐದೂವರೆ. ಸಮುದ್ರದ ಮೇಲಿನ ನೆಟ್ ಎಷ್ಟು ನಿಧಾನವೆಂದರೆ ದನಿ ಬರುವುದಿಲ್ಲ, ಮುಖ ಬರುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ. ಅದಕ್ಕೆಂದೇ ಅವನು ಹಿಂದಿನ ರಜದಲ್ಲಿ ಮಗಳ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ತನ್ನ ಕೈಯಾರೆ ಒಂದು ಪ್ರೋಗ್ರಾಂ ಬರೆದು ಕೂರಿಸಿಕೊಟ್ಟಿದ್ದ. ಅದು ಆ ಒಂದು ಕಂಪ್ಯೂಟರಿನಿಂದ ಮಾತ್ರ ನಡೆಯುತ್ತಿತ್ತು. ಆಗ ನಮ್ಮ ಮನೆಯಲ್ಲಿದ್ದವು ಎರಡು ಬಟನ್ ಫೋನು. ಅವುಗಳಿಂದ ಈ ಕೆಲಸ ಆಗುವಂಥದಲ್ಲ. ಶುಕ್ರವಾರ ಐದಕ್ಕೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿನಿಂದ ಟಕಟಕ ಸದ್ದು, ನಡುನಡುವೆ ನಗು. ಆ ನಗು ನಮ್ಮ ಊಟದ ಮೇಜಿಗೆ ಬರುತ್ತಿರಲಿಲ್ಲ.

ಒಂದು ಶನಿವಾರ ಅವಳು ಮೇಜನ್ನು ಕಿಟಕಿಯ ಕಡೆಗೆ ಜರುಗಿಸಲು ಹೊರಟಿದ್ದಳು. ಕಂಪ್ಯೂಟರಿನ ಹಿಂದೆ ಚುಚ್ಚಿದ ಕೇಬಲ್ ಬಿಡಲಿಲ್ಲ. ಹೊರಗೆ ಬಂದು ನನ್ನನ್ನೇ ಕರೆದಳು.

'ಅಂಕಲ್, ಕೇಬಲ್ ಸಿಕ್ಕೊಂಡಿದೆ. ನೋಡ್ತೀರಾ?'

ಒಂದು ವರ್ಷದಲ್ಲಿ ಅವಳು ನನಗೆ ಹೇಳಿದ ಎರಡನೆಯ ಕೆಲಸ ಅದು. ರೂಮಿನೊಳಗೆ ಕರೆದು ಹೇಳಿದ್ದರಲ್ಲಿ ಅದೇ ಮೊದಲನೆಯದು. ನನ್ನ ಸಣ್ಣ ಕೊಕ್ಕೆ ತಂದು ಅದರ ನಾಲಗೆಯನ್ನು ಒತ್ತಿ ಕೇಬಲ್ ಬಿಡಿಸಿದೆ. ಮತ್ತೆ ಚುಚ್ಚಿದರೆ ಬಿಗಿ. ಬಿಗಿಯಾದ ತೂತು ಕಂಡರೆ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೇಬಿನಲ್ಲಿ ಒಂದು ಸಣ್ಣ ರಬ್ಬರ್ ಬುಡ್ಡಿ ಇರುತ್ತದೆ, ಅದರಲ್ಲಿ ಗ್ರಾಫೈಟ್ ಪುಡಿ. ಪೆನ್ಸಿಲ್ ಕಡ್ಡಿಯ ಕಪ್ಪು ಪುಡಿಯೆಂದರೆ ಅದೇ. ಬೀಗಕ್ಕೆ ಎಣ್ಣೆ ಬಿಡುವವನು ಅರೆಕಸುಬಿನವನು. ಎಣ್ಣೆಗೆ ಧೂಳು ಅಂಟುತ್ತದೆ. ಬಲ್ಲವನು ಪುಡಿ ಊದುತ್ತಾನೆ. ಎರಡು ಸಲ ಪುಸ್ ಪುಸ್ ಎನಿಸಿದೆ. ಕೇಬಲ್ ಬೆಣ್ಣೆಗೆ ಚಾಕು ಇಳಿದಂತೆ ಇಳಿದು ಟಕ್ ಎಂದಿತು.

'ಥ್ಯಾಂಕ್ಸ್' ಎಂದಳು.

ಅವತ್ತು ಅಂಗಡಿಯಲ್ಲಿ ನಾನು ಇಬ್ಬರು ಗಿರಾಕಿಗಳ ಹತ್ತಿರ ದುಡ್ಡು ತೆಗೆದುಕೊಳ್ಳುವುದನ್ನೇ ಮರೆತೆ.

ಸೋಮವಾರ ನೆಟ್ ಹೋಗಿ ಬಂದು ಮಾಡತೊಡಗಿತು. ಬುಧವಾರಕ್ಕೆ ಬರುವುದಕ್ಕಿಂತ ಹೋಗುವುದೇ ಹೆಚ್ಚಾಯಿತು. ಪುಟ್ಟಿ ಸೋತು ಕೂರುವ ಹುಡುಗಿಯಲ್ಲ. ಬಾಗಿಲು ತೆರೆದಿಟ್ಟು ನೆಲದ ಮೇಲೆ ಕೂತು, ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದೇ ಆಜ್ಞೆ ಬರೆದು ಮೆಷಿನ್ನನ್ನು ವಿಚಾರಿಸಿಕೊಂಡಳು. ನಾನು ಕಾಫಿ ಲೋಟ ಹಿಡಿದು ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ.

'ಏನಂತೆ ಅದು?' ಎಂದೆ.

'ಲಿಂಕ್ ಬಂತು ಅನ್ನುತ್ತೆ. ಎರಡು ಸೆಕೆಂಡಿಗೆ ಲಿಂಕ್ ಹೋಯ್ತು ಅನ್ನುತ್ತೆ. ಮತ್ತೆ ಬಂತು, ಮತ್ತೆ ಹೋಯ್ತು. ಬೆಳಗ್ಗಿಂದ ನಾನೂರು ಸಲ ಹೇಳಿದೆ.'

'ಪಾಪ, ಅದಕ್ಕೂ ಬಾಯಿ ನೋವು ಬಂದಿರಬೇಕು.'

ತುಟಿಯ ಕೊನೆಯಲ್ಲಿ ಒಂಚೂರು ನಕ್ಕಳು. ನನಗೆ ಅಷ್ಟೇ ಸಾಕಾಗಿತ್ತು.

ಕೇಬಲ್ ಹಳತಾಗಿರಬೇಕೆಂದಳು, ಹೊಸದು ತಂದುಕೊಟ್ಟೆ. ಗೋಡೆಯ ಮೇಲಿನ ನೆಟ್ಟಿನ ಡಬ್ಬಿಯಲ್ಲಿ ಬೇರೆ ತೂತಿಗೆ ಹಾಕಿದಳು, ಆಗಲಿಲ್ಲ. ಕಾರ್ಡನ್ನು ನಡೆಸುವ ಡ್ರೈವರ್ ಎಂಬುದನ್ನು ಇಳಿಸಿ ಮತ್ತೆ ಏರಿಸಿದಳು. ನೆಟ್ ಸರಿಮಾಡುವ ವಿಧಾನ ಓದಬೇಕಾದರೂ ನೆಟ್ಟೇ ಬೇಕು. ಹಾಗಾಗಿ ಗೆಳತಿಯ ಮನೆಗೆ ಹೋಗಿ ಓದಿ, ಅಂಗೈ ತುಂಬ ಬರೆದುಕೊಂಡು ಬರುತ್ತಿದ್ದಳು. ಗುರುವಾರ ಕಂಪ್ಯೂಟರ್ ಅಂಗಡಿಯವನು ಬಂದ. 'ಲಿನಕ್ಸಾ? ಇದೆಲ್ಲ ಯಾಕೆ ಬೇಕಿತ್ತು? ಎಲ್ಲ ಅಳಿಸಿ ಬೇರೆ ಹಾಕೋಣ' ಎಂದ.

'ಅಳಿಸಿದರೆ ನಮ್ಮಪ್ಪ ಹಾಕಿಕೊಟ್ಟಿದ್ದೂ ಹೋಗುತ್ತಲ್ವಾ?'

'ಹೋಗುತ್ತೆ.'

'ಹಾಗಿದ್ರೆ ಬೇಡ' ಎಂದು ಅವನ ಚೀಲವನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟಳು.

ಶುಕ್ರವಾರ ಐದಕ್ಕೆ ಲಿಂಕ್ ಬರಲೇ ಇಲ್ಲ. ದೀಪವೇ ಹತ್ತಲಿಲ್ಲ. ಐದೂವರೆಯವರೆಗೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅವಳಮ್ಮ ನನಗೆ ಆಮೇಲೆ ಹೇಳಿದಳು: ಮುಂದಿನ ಶುಕ್ರವಾರವೇ ಕೊನೆ, ಅದಾದ ಮೇಲೆ ಹಡಗು ಹೋಗುವ ಕಡೆ ಮೂರು ತಿಂಗಳು ಅಕ್ಷರವೂ ಸಿಗುವುದಿಲ್ಲವಂತೆ. ಏನೂ ಹೇಳದೆ ಮೂರು ತಿಂಗಳು ಎಂದರೆ ಅಪ್ಪ ಏನೆಂದುಕೊಳ್ಳುತ್ತಾನೋ ಎಂಬುದೇ ಆ ಹುಡುಗಿಯ ತಲೆಯಲ್ಲಿ.

ಮಂಗಳವಾರ ನನಗೆ ಒಂದು ಹಲ್ಲಿನ ಕ್ಲಿನಿಕ್ಕಿನಿಂದ ಕರೆ ಬಂತು. ಅಲ್ಲಿಯ ಬಾಗಿಲಿಗೆ ಕರೆಂಟಿನ ಬೀಗ. ಬೀಗ ನನ್ನದು, ಕರೆಂಟು ಬೇರೊಬ್ಬನದು. ಇಬ್ಬರೂ ಒಟ್ಟಿಗೆ ಬಗ್ಗಿ ಕೂತಿದ್ದೆವು. ಬೀಗದ ನಾಲಗೆ ಬಿಗಿಯಾಗಿತ್ತು. ಜೇಬಿನಿಂದ ಬುಡ್ಡಿ ತೆಗೆದೆ. ಕರೆಂಟಿನವನು ನನ್ನ ಮಣಿಕಟ್ಟು ಹಿಡಿದ.

'ಏನ್ ಗುರುವೇ, ನನ್ನ ಸುಡಬೇಕು ಅಂತಿದ್ಯಾ? ಆ ಕಪ್ಪು ಪುಡಿ ವೈರಿದ್ದ ಹಾಗೇನೇ. ಕರೆಂಟು ಅದರ ಮೇಲೆ ಓಡಾಡುತ್ತೆ.'

'ಪುಡಿ ಮೇಲೆ ಹೆಂಗೆ ಓಡುತ್ತೆ ಮಾರಾಯ?'

ಅವನು ಕಾಗದದ ಮೇಲೆ ಒಂದಿಷ್ಟು ಪುಡಿ ಚೆಲ್ಲಿಸಿ, ಬೆರಳಿನಿಂದ ಗೆರೆಯಂತೆ ಒತ್ತಿ, ತನ್ನ ಮೀಟರಿನ ಎರಡು ಕಡ್ಡಿಗಳನ್ನು ಎರಡು ತುದಿಗೆ ಮುಟ್ಟಿಸಿದ. ಮೀಟರ್ ಕುಂಯ್ ಎಂದಿತು.

ಪುಟ್ಟಿಯ ಕಂಪ್ಯೂಟರಿನ ಆ ತೂತಿನೊಳಗೆ ಎಂಟು ತಂತಿಗಳು ಕೂದಲೆಳೆಯಷ್ಟು ದೂರದಲ್ಲಿ ಸಾಲಾಗಿ ನಿಂತದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಅವುಗಳ ಮೇಲೆ ಎರಡು ಸಲ ಊದಿದ್ದೆ. ಅವಳು ಹೊಸ ಕೇಬಲ್ ಚುಚ್ಚಿದಾಗಲೆಲ್ಲ ಪುಡಿ ಇನ್ನಷ್ಟು ಒಳಗೆ ಹೋಗಿತ್ತು. ಬೇರೆ ಯಾವ ಕಸುಬಿನವನೂ ಮಾಡದ ತಪ್ಪು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

'ರೀ, ಅವಳಿಗೆ ಹೇಳಬೇಡಿ. ಕಾರ್ಡು ಹೋಗಿದೆ ಅಂತ ಹೊಸದು ತಂದುಕೊಡಿ. ಮುಗೀತು.'

'ಕೆಟ್ಟಿದ್ದು ಹೆಂಗೆ ಅಂತ ಕೇಳಿದರೆ?'

'ಹಳೇದಾಗಿತ್ತು ಅನ್ನಿ. ಹೇಳಿದರೆ ಅವಳು ಏನಂದುಕೋತಾಳೆ ಗೊತ್ತಾ? ಅವಳು ಅಪ್ಪನ ಜೊತೆ ಮಾತಾಡೋದು ನಿಮಗಾಗಲ್ಲ, ಅದಕ್ಕೇ ಕೆಡಿಸಿದ್ರಿ ಅಂತ. ಈಗ ತಾನೇ ಬಾಗಿಲು ತೆಗೆದಿಟ್ಟು ಕೂರ್ತಿದಾಳೆ ಮಗು.'

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸುಮ್ಮನಿದ್ದರೆ ನನಗೆ ಹದಿನಾಲ್ಕು ಕೀಗಳಲ್ಲಿ ಬಿಡುಗಡೆ. ಆದರೆ ನನ್ನ ಕಸುಬು ಎಂಥದೆಂದರೆ, ಜನ ತಮ್ಮ ಮನೆಯ ಬಾಗಿಲನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಬೀಗದೊಳಗೆ ನಾನು ಏನು ಮಾಡಿದೆನೆಂದು ಅವರಿಗೆ ಕಾಣುವುದಿಲ್ಲ. ನಾನು ಹೇಳಿದ್ದೇ ಅವರಿಗೆ ಗೊತ್ತಿರುವುದು. ಒಂದು ಸಲ, ಬಹಳ ಹಿಂದೆ, ಒಬ್ಬರ ಬೀಗದ ಸ್ಪ್ರಿಂಗನ್ನು ನಾನೇ ಮುರಿದು, ಮೊದಲೇ ಮುರಿದಿತ್ತೆಂದು ಹೇಳಿ ದುಡ್ಡು ತೆಗೆದುಕೊಂಡಿದ್ದೆ. ಅವರು ಮರು ಮಾತಾಡದೆ ನಂಬಿದರು. ಆ ಬೀದಿಯಲ್ಲಿ ನಾನು ಇಂದಿಗೂ ನಡೆಯುವುದಿಲ್ಲ, ಸುತ್ತು ಹಾಕಿ ಹೋಗುತ್ತೇನೆ. ಮನೆಯೊಳಗೆ ಸುತ್ತು ಹಾಕಲು ಜಾಗವೆಲ್ಲಿದೆ?

ಪುಟ್ಟಿಯ ರೂಮಿನ ಹೊಸ್ತಿಲಿಗೆ ಹೋಗಿ ನಿಂತೆ.

'ಪುಟ್ಟಿ, ನಿನ್ನ ಕಾರ್ಡು ಕೆಡಿಸಿದ್ದು ನಾನು.'

ತಿರುಗಿದಳು. ಪುಡಿಯ ವಿಷಯ, ಮೀಟರಿನ ವಿಷಯ ಎಲ್ಲ ಹೇಳಿದೆ. ಅವಳು ಕಂಪ್ಯೂಟರಿನ ಹಿಂದೆ ಟಾರ್ಚ್ ಹಿಡಿದು, ಬಡ್ಸ್ ಕಡ್ಡಿಯನ್ನು ತೂತಿಗೆ ತೂರಿಸಿ ತೆಗೆದಳು. ತುದಿಯ ಹತ್ತಿ ಕಾಡಿಗೆಯಷ್ಟು ಕಪ್ಪಾಗಿತ್ತು. ಅದನ್ನೇ ನೋಡುತ್ತ ಕೇಳಿದಳು.

'ಬೇಕೂಂತ ಮಾಡಿದ್ರಾ?'

'ಇಲ್ಲ ಕಣಮ್ಮ.'

'ನಾನು ಅಪ್ಪನ ಜೊತೆ ಮಾತಾಡೋದು ನಿಮಗೆ ಇಷ್ಟ ಇಲ್ಲ, ಅಲ್ವಾ?'

ಇಷ್ಟವಿದೆ ಎಂದುಬಿಡುವುದು ಸುಲಭವಿತ್ತು. ಆದರೆ ಅರ್ಧ ಸತ್ಯ ಹೇಳಲು ಅಷ್ಟು ದೂರ ಬಂದಿರಲಿಲ್ಲ.

'ಶುಕ್ರವಾರ ನೀನು ಒಳಗೆ ನಗ್ತೀಯಲ್ಲ, ಅದು ಕೇಳಿದಾಗ ಒಂಚೂರು ಹೊಟ್ಟೆ ಉರಿಯುತ್ತೆ. ಅದು ನಿಜ. ಆದರೆ ಪುಡಿ ಹಾಕಿದ್ದು ಅದಕ್ಕಲ್ಲ. ರೂಮೊಳಗೆ ಕರೆದು ಒಂದು ಕೆಲಸ ಹೇಳಿದ್ದೆ ನೀನು. ಚೆನ್ನಾಗಿ ಮಾಡಬೇಕು ಅಂತ ಹಾಕಿದೆ.'

ಅವಳು ಎದ್ದು ಬಂದು ನಿಧಾನವಾಗಿ ಬಾಗಿಲು ಹಾಕಿಕೊಂಡಳು. ಬೀಗ ತಿರುಗಿದ ಸದ್ದು ಕೇಳಿಸಿತು. ಒಳ್ಳೆಯ ಬೀಗ, ನಾನೇ ಆರಿಸಿದ್ದು.

ಬುಧವಾರ ಹೊಸ ಕಾರ್ಡ್ ತಂದು ಅವಳ ಬಾಗಿಲ ಮುಂದಿಟ್ಟೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ. ಊಟಕ್ಕೆ ಬಂದಳು, ಉಪ್ಪು ಕೇಳಿದಳು, ಹೋದಳು. ಉಪ್ಪನ್ನು ಅಮ್ಮನ ಹತ್ತಿರ ಕೇಳಿದಳು. ಅದು ನನ್ನ ಕೈಯ ಬಳಿಯೇ ಇತ್ತು.

ಗುರುವಾರ ನಾಲ್ಕು ಗಂಟೆಗೆ ನಾನು ಅಂಗಡಿಯಲ್ಲಿ ಕೀ ಉಜ್ಜುತ್ತಿದ್ದಾಗ ಎದುರಿಗೆ ನೆರಳು ಬಿತ್ತು. ಪುಟ್ಟಿ. ಅಂಗಡಿಗೆ ಅವಳು ಬಂದದ್ದು ಅದೇ ಮೊದಲು.

'ಸಣ್ಣ ಸ್ಕ್ರೂಡ್ರೈವರ್ ಇದ್ಯಾ?'

ಕೊಟ್ಟೆ. ತೆಗೆದುಕೊಂಡಳು, ಆದರೆ ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಕಣ್ಣು ಕೆಂಪಾಗಿತ್ತು.

'ಕಾರ್ಡು ಕೂರಿಸಿ ಆಯ್ತು. ಆದರೂ ಬರ್ತಿಲ್ಲ ಅಂಕಲ್.'

'ಇದೂ ಕೆಟ್ಟಿದ್ಯಾ?'

'ಇಲ್ಲ. ದೀಪ ಹತ್ತುತ್ತೆ. ಕಾರ್ಡ್ ಇದೆ ಅಂತ ಮೆಷಿನ್ನಿಗೂ ಗೊತ್ತು, ಪಟ್ಟಿಯಲ್ಲಿ ತೋರಿಸ್ತಿದೆ. ಹೆಸರೇ ತಪ್ಪು. ಮೊದಲಿನ ಕಾರ್ಡಿಗೆ ಈಥ್ ಸೊನ್ನೆ ಅಂತ ಹೆಸರಿತ್ತು. ಅಪ್ಪ ಎಲ್ಲಾನೂ ಆ ಹೆಸರಿಗೇ ಬರೆದಿಟ್ಟಿದಾರೆ. ಈಗ ಇದನ್ನ ಈಥ್ ಒಂದು ಅಂತಿದೆ. ಇರೋದೇ ಒಂದು ಕಾರ್ಡು, ಸೊನ್ನೆಯಿಂದ ತಾನೇ ಶುರುವಾಗಬೇಕು? ಸೊನ್ನೆ ಎಲ್ಲಿ ಅಂದರೆ, ಇಲ್ಲ ಅನ್ನುತ್ತೆ.'

'ಅಪ್ಪ ಬರೆದಿದ್ದನ್ನೇ ಒಂದು ಅಂತ ತಿದ್ದಿದರೆ?'

'ಎಲ್ಲೆಲ್ಲಿ ಬರೆದಿದಾರೋ ಗೊತ್ತಿಲ್ಲ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಪ್ರೋಗ್ರಾಮೇ ಓಡದೆ ಹೋಗಬಹುದು. ಅದು ಹಾಳಾದರೆ ನಾಳೆ ಅನ್ನೋದೇ ಇರಲ್ಲ.'

ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಮಾತ್ರ ಎಲ್ಲೋ ನೋಡಿದಂತಿತ್ತು. ಗಲ್ಲಾದ ಕೆಳಗಿನಿಂದ ನನ್ನ ಉದ್ದನೆಯ ಪುಸ್ತಕ ತೆಗೆದು ಅವಳ ಮುಂದೆ ಬಿಚ್ಚಿದೆ.

'ಇದು ಬೀಗಗಳ ಪುಸ್ತಕ. ಯಾರ ಮನೆಯ ಮುಂಬಾಗಿಲಿಗೆ ಯಾವ ನಂಬರಿನ ಬೀಗ ಅಂತ ಬರೆದಿರ್ತೀನಿ. ಕೀ ಕಳೆದುಕೊಂಡು ಬಂದರೆ ನಂಬರ್ ನೋಡಿ ಮಾಡಿಕೊಡೋಕೆ. ಇಲ್ಲಿ ನೋಡು, ಡ್ರೈವಿಂಗ್ ಸ್ಕೂಲಿನೋರು. ಬೀಗ ಬದಲಾಯಿಸಿದರು. ಹೊಸ ಬೀಗದ ನಂಬರನ್ನ ಕೆಳಗೆ ಬರೆದೆ. ಹಳೇದನ್ನ ಹೊಡೆದು ಹಾಕಲಿಲ್ಲ. ಆಮೇಲೆ ಕೀ ಬೇಕು ಅಂತ ಬಂದಾಗಲೆಲ್ಲ ಮೇಲಿನ ಸಾಲು ನೋಡಿ, ಕಸದ ಬುಟ್ಟಿಗೆ ಹೋದ ಬೀಗಕ್ಕೆ ಕೀ ಮಾಡಿಕೊಟ್ಟೆ. ಮೂರು ಸಲ. ಮೂರನೇ ಸಲ ಆ ಮೇಷ್ಟ್ರು, ಕಾರು ರಿವರ್ಸ್ ಹೊಡೀರಿ ಅಂತ ಹುಡುಗರನ್ನ ಬೈಯೋ ದನಿಯಲ್ಲೇ ನನ್ನನ್ನೂ ಬೈದ.'

ಅವಳು ಪುಸ್ತಕ ನೋಡುತ್ತಿದ್ದಳು.

'ನಿನ್ನ ಕಾರ್ಡುಗಳಿಗೂ ನಂಬರ್ ಇರುತ್ತಾ?'

'ಇರುತ್ತೆ. ಒಂದೊಂದಕ್ಕೂ ಬೇರೆ ಬೇರೆ.'

'ನಿನ್ನ ಮೆಷಿನ್ನೂ ಎಲ್ಲಾದರೂ ಹಳೇ ನಂಬರ್ ಬರೆದಿಟ್ಟುಕೊಂಡು, ಮುಂಬಾಗಿಲು ಇನ್ನೂ ಅದರದೇ ಅಂತ ಕೂತಿದ್ಯಾ?'

ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ನೋಡುತ್ತಿದ್ದದ್ದು ನನ್ನನ್ನಲ್ಲ. ಆಮೇಲೆ ಸ್ಟೂಲಿನಿಂದ ಎದ್ದಳು, ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ರಸ್ತೆಗಿಳಿದು ಓಡಿದಳು.

ನಾನು ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಅವಳು ಮೆಷಿನ್ನಿನ ಅಂಥ ಪುಸ್ತಕವನ್ನು ಹುಡುಕಿಬಿಟ್ಟಿದ್ದಳು. ಲಿನಕ್ಸಿನ ಹೊಟ್ಟೆಯೊಳಗೆ ಎಲ್ಲೋ ಒಂದು ಸಣ್ಣ ಫೈಲು. ಅದರಲ್ಲಿ ಎರಡೇ ಸಾಲು: ಇಂಥ ನಂಬರಿನ ಕಾರ್ಡು ಸೊನ್ನೆ, ಇಂಥ ನಂಬರಿನದು ಒಂದು. ಸತ್ತ ಕಾರ್ಡಿಗೆ ಜಾಗ ಹಿಡಿದಿಟ್ಟುಕೊಂಡು ಮೆಷಿನ್ನು ಕಾಯುತ್ತಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ನಾನು ಹೊಸ್ತಿಲಲ್ಲೇ ನಿಂತೆ.

'ಒಳಗೆ ಬನ್ನಿ, ಅಲ್ಲಿಂದ ಏನು ಕಾಣುತ್ತೆ?' ಎಂದಳು.

ಹಳೆಯ ಸಾಲನ್ನು ಅವಳು ಅಳಿಸಲಿಲ್ಲ. ಅದರ ಮುಂದೆ ಒಂದು ಗುರುತು ಹಾಕಿದಳು. ಆ ಗುರುತಿದ್ದರೆ ಮೆಷಿನ್ನು ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ, ಆದರೆ ಸಾಲು ಇದ್ದಲ್ಲೇ ಇರುತ್ತದಂತೆ. ಕೆಳಗಿನ ಸಾಲಿನಲ್ಲಿ ಒಂದನ್ನು ಸೊನ್ನೆ ಮಾಡಿದಳು. ಮೆಷಿನ್ನನ್ನು ಆರಿಸಿ ಮತ್ತೆ ಹಚ್ಚಿದಳು. ಅದು ಏಳುವವರೆಗೆ ಇಬ್ಬರೂ ತೆರೆಯನ್ನೇ ನೋಡುತ್ತ ಕೂತಿದ್ದೆವು. ಕೆಲಸ ಮುಗಿಸಿ ಬಂದ ಅವಳಮ್ಮ ಬ್ಯಾಗನ್ನೂ ಕೆಳಗಿಡದೆ ಬಾಗಿಲಲ್ಲಿ ನಿಂತಳು.

ಲಿಂಕ್ ಬಂತು ಎಂದಿತು. ಆಮೇಲೆ ಏನೂ ಹೇಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಹೋಯಿತು ಎನ್ನಲಿಲ್ಲ.

'ಲೇ, ಆಯ್ತೇನೇ?' ಎಂದಳು ಅವಳಮ್ಮ.

'ಆಯ್ತಮ್ಮ' ಎಂದು ಪುಟ್ಟಿ ಮೇಜಿನ ಮೇಲೆ ಹಣೆಯಿಟ್ಟಳು.

ಶುಕ್ರವಾರ ಐದಕ್ಕೆ ನಾನು ಬೇಕೆಂದೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ನಿಂತೆ. ಐದು ಹತ್ತಕ್ಕೆ ಪುಟ್ಟಿ ಕೂಗಿದಳು.

'ಅಂಕಲ್, ಅಪ್ಪ ಏನೋ ಕೇಳ್ತಿದಾರೆ, ಬನ್ನಿ.'

ಕೈ ಒರೆಸಿಕೊಂಡು ಹೋದೆ. ಕಪ್ಪು ತೆರೆಯ ಮೇಲೆ ಅವನ ಸಾಲು ಒಂದೊಂದೇ ಅಕ್ಷರವಾಗಿ ಬರುತ್ತಿತ್ತು. 'ಗ್ರಾಫೈಟ್ ಹಾಕಿದರೆ ಬೀಗ ನಿಜವಾಗಿ ಸಲೀಸಾಗುತ್ತಾ ಕೇಳು. ನನ್ನ ಕ್ಯಾಬಿನ್ ಬೀಗ ಎರಡು ತಿಂಗಳಿಂದ ಸತಾಯಿಸ್ತಿದೆ. ಉಪ್ಪುಗಾಳಿ.'

'ಬುಡ್ಡಿ ಇಲ್ಲದಿದ್ದರೆ ಪೆನ್ಸಿಲ್ ಸಾಕು ಅನ್ನು' ಎಂದೆ. 'ಕೀ ಮೇಲೆ ಎರಡೂ ಕಡೆ ಕಪ್ಪಗೆ ಗೀಚಿ, ಹತ್ತು ಸಲ ಒಳಗೆ ಹೊರಗೆ ಮಾಡಲಿ. ಎಣ್ಣೆ ಮಾತ್ರ ಮುಟ್ಟಿಸಬಾರದು.'

ಅವಳು ಅದನ್ನು ಟಕಟಕ ಬರೆದಳು. ಅವನ ಉತ್ತರ ಬರುವುದು ತಡವಾಯಿತು. ಆ ಹೊತ್ತಿನಲ್ಲಿ ಮೇಲಿನ ಸಾಲುಗಳು ನನ್ನ ಕಣ್ಣಿಗೆ ಬಿದ್ದವು. ಹಿಂದಿನ ಶುಕ್ರವಾರ ಅವನು ಅಲ್ಲಿ ಕೂತು ಕಾಯುತ್ತ ಬರೆದದ್ದು, ನೆಟ್ ಬಂದ ಮೇಲೆ ಒಟ್ಟಿಗೆ ಬಂದಿಳಿದಿತ್ತು. 'ಪುಟ್ಟಿ', 'ಇದ್ದೀಯಾ', 'ಪುಟ್ಟಿ', 'ಹುಷಾರಿದ್ದೀಯಾ', 'ಇರಲಿ, ಕಾಯ್ತೀನಿ'. ಹನ್ನೊಂದು ಸಾಲು, ಅರ್ಧ ಗಂಟೆಯ ಉದ್ದಕ್ಕೂ. ಅದರ ಕೆಳಗೆ, ಈ ದಿನ ಐದು ಗಂಟೆಗೆ ಇವಳು ಬರೆದ ಮೊದಲ ಸಾಲುಗಳು: 'ಅಪ್ಪ, ಕಾರ್ಡ್ ಹೋಗಿತ್ತು. ಅಂಕಲ್ ಪುಡಿ ಹಾಕಿದ್ದರು. ಬೇಕೂಂತ ಮಾಡಿದ್ದಲ್ಲ. ಅವರೇ ಬಂದು ಹೇಳಿದರು.'

ಐದೂವರೆಗೆ ತೆರೆ ನಿಂತಿತು. ಹಡಗು ಮೂರು ತಿಂಗಳ ದಾರಿ ಹಿಡಿಯಿತು.

ಅಪ್ಪ ಮಗಳ ಒಂದು ಶುಕ್ರವಾರವನ್ನು ನಾನು ಕಳೆದುಹಾಕಿದೆ. ಅರ್ಧ ಗಂಟೆ, ಹನ್ನೊಂದು ಸಾಲು. ಎಷ್ಟು ಕೀ ಉಜ್ಜಿದರೂ ಅದನ್ನು ತಂದುಕೊಡಲು ನನ್ನಿಂದಾಗುವುದಿಲ್ಲ. ನನಗೆ ಸಿಕ್ಕಿದ್ದು ಇಷ್ಟು: ನಾನು ಬೇಕೆಂದು ಮಾಡಲಿಲ್ಲವೆಂದು ಆ ಹುಡುಗಿ ನಂಬಿದಳು, ನಂಬಿದ್ದನ್ನು ತನ್ನ ಅಪ್ಪನಿಗೆ ಬರೆದಳು.